ಆರುನೂರು ಸಲ ಎದ್ದು ಮಲಗಿದ ಫ್ಯೂಯೆಲ್ ಸೆಲ್

ಡಿಸೆಂಬರ್ ತಿಂಗಳು. ತೋಟಗಳಲ್ಲಿ ಅರೇಬಿಕಾ ಕೊಯ್ಲು ಜೋರಾಗಿತ್ತು. ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನಿಂದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. “ಸಾರ್, ಆ ಹೈಡ್ರೋಜನ್ ಪೆಟ್ಟಿಗೆ ಕೈ ಕೊಟ್ಟಿದೆ. ಶುರುವಾಗುತ್ತೆ, ಎರಡು ನಿಮಿಷಕ್ಕೆ ಟಿಕ್ ಅಂತ ಆರಿಹೋಗುತ್ತೆ. ಸಾಹುಕಾರ್ರು ಬೈತಾ ಇದ್ದಾರೆ, ಒಂದ್ಸಲ ಬಂದು ನೋಡಿ.”

ನನ್ನದು ಇನ್ವರ್ಟರ್, ಬ್ಯಾಟರಿ, ಸೋಲಾರ್ ರಿಪೇರಿ ಕೆಲಸ. ಓದಿದ್ದು ಕೆಮಿಸ್ಟ್ರಿ. ಹಾಗಾಗಿ ಯಾರಿಗೂ ಅರ್ಥವಾಗದ ಪೆಟ್ಟಿಗೆ ಎಲ್ಲಾದರೂ ಕೆಟ್ಟರೆ ನನಗೆ ಕರೆ ಬರುತ್ತದೆ. ಈ ಪೆಟ್ಟಿಗೆಯನ್ನು ಹಿಂದಿನ ಮೇ ತಿಂಗಳಲ್ಲಿ ತಂದವನು ಸಾಹುಕಾರರ ಮಗ. ಹೊರದೇಶದಲ್ಲಿ ಕೆಲಸ ಮಾಡಿ ಬಂದವನು. ಡೀಸೆಲ್ ಜನರೇಟರಿನ ಸದ್ದೂ ಹೊಗೆಯೂ ಸಾಕಾಗಿತ್ತು ಅವನಿಗೆ. ಒಂದು ಕಿಲೋವ್ಯಾಟಿನ ಫ್ಯೂಯೆಲ್ ಸೆಲ್, ಅಂದರೆ ಹೈಡ್ರೋಜನ್ನಿಗೆ ಆಮ್ಲಜನಕ ಸೇರಿಸಿ ಕರೆಂಟ್ ಹುಟ್ಟಿಸುವ ಪೆಟ್ಟಿಗೆ. ಒಳಗೆ ಸಾಲಾಗಿ ಜೋಡಿಸಿದ 48 ಸೆಲ್, ಹಿಂದೆ ಫ್ಯಾನ್. ಆ ಫ್ಯಾನ್ ಎಳೆದ ಗಾಳಿಯಿಂದಲೇ ಆಮ್ಲಜನಕವೂ ಸಿಗಬೇಕು, ಬಿಸಿಯೂ ಇಳಿಯಬೇಕು. ಹೈಡ್ರೋಜನ್ ಮೈಸೂರಿನಿಂದ ಸಿಲಿಂಡರಿನಲ್ಲಿ ಬರುತ್ತದೆ. 47 ಲೀಟರಿನ ಒಂದು ಸಿಲಿಂಡರಿಗೆ 150 ಬಾರ್ ಒತ್ತಡದಲ್ಲಿ ತುಂಬಿದರೂ ಒಳಗಿರುವ ಹೈಡ್ರೋಜನ್ ಸುಮಾರು 530 ಗ್ರಾಂ ಅಷ್ಟೆ. ಅದರಿಂದ ಸಿಗುವ ಕರೆಂಟ್ ಹೆಚ್ಚುಕಮ್ಮಿ ಎಂಟು ಯೂನಿಟ್. ದುಬಾರಿ ಬಾಬತ್ತು. ಆದರೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದೆ ಕೂತವರಿಗೆ ಆ ಲೆಕ್ಕ ಬೇರೆ ಥರ ಕಾಣುತ್ತದೆ.

ಆಫೀಸಿನ ಕಂಪ್ಯೂಟರ್, ಕ್ಯಾಮೆರಾ, ಇಂಟರ್ನೆಟ್, ಬಂಗಲೆಯ ಲೈಟು, ಒಂದು ಫ್ರಿಜ್. ಎಲ್ಲ ಸೇರಿ 400 ವ್ಯಾಟ್ ದಾಟುತ್ತಿರಲಿಲ್ಲ. ಫ್ಯೂಯೆಲ್ ಸೆಲ್ಲಿಂದ ಕನ್ವರ್ಟರ್, ಅಲ್ಲಿಂದ ಎರಡು ಸಣ್ಣ ಬ್ಯಾಟರಿ, ಅಲ್ಲಿಂದ ಇನ್ವರ್ಟರ್. ಬ್ಯಾಟರಿ ಇದ್ದದ್ದು ಒಂದೆರಡು ನಿಮಿಷ ಸಾಗಿಸಲು ಮಾತ್ರ. ಮೇ ತಿಂಗಳಲ್ಲಿ 20 ಆಂಪಿಯರ್ ಎಳೆದರೆ 32 ವೋಲ್ಟ್ ಕೊಡುತ್ತಿತ್ತು ಅಂತ ಮಗ ಪುಸ್ತಕದಲ್ಲಿ ಬರೆದಿಟ್ಟಿದ್ದ. ನಾನು ಹೋದ ದಿನ ಅದೇ 20 ಆಂಪಿಯರಿಗೆ 24 ವೋಲ್ಟಿಗಿಂತ ಕೆಳಗೆ ಬಿದ್ದು, ಕನ್ವರ್ಟರ್ ತಾನೇ ಕಡಿದುಕೊಳ್ಳುತ್ತಿತ್ತು.

ಕಾರಿನಿಂದ ಇಳಿದಾಗಲೇ ಮೂಗಿಗೆ ಉತ್ತರ ಬಡಿಯಿತು. ಪಲ್ಪರ್ ಮನೆಯ ಹಿಂದೆ ಕಾಫಿ ಹಣ್ಣು ತೊಳೆದ ನೀರು ನಿಲ್ಲುವ ಗುಂಡಿ. ಅದರಿಂದ ಕೊಳೆತ ಮೊಟ್ಟೆಯ ನಾತ. ಗಾಳಿ ಸಿಗದೆ ಆ ನೀರು ಕೊಳೆತರೆ ಗಂಧಕ ಇರುವ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ, ಕೊಡಗಿನಲ್ಲಿ ಈ ವಾಸನೆ ಗೊತ್ತಿಲ್ಲದವರು ಯಾರು? ನಮ್ಮ ಪೆಟ್ಟಿಗೆ ಗುಂಡಿಯಿಂದ ಮೂವತ್ತು ಅಡಿ ದೂರದಲ್ಲಿ, ಗಾಳಿ ಬೀಸುವ ದಿಕ್ಕಿನಲ್ಲೇ ಇತ್ತು. ಪೆಟ್ಟಿಗೆ ಓಡಿದಾಗಲೆಲ್ಲ ಫ್ಯಾನ್ ಆ ಗಾಳಿಯನ್ನೇ ಎಳೆಯುತ್ತಿತ್ತು. ಸೆಲ್ಲಿನೊಳಗೆ ಕೆಲಸ ನಡೆಯುವುದು ಪ್ಲಾಟಿನಂ ಮೇಲೆ. ಗಂಧಕಕ್ಕೆ ಪ್ಲಾಟಿನಂ ಅಂದರೆ ಪಂಚಪ್ರಾಣ. ಅಂಟಿಕೊಂಡರೆ ಬಿಡುವುದಿಲ್ಲ. ಅದು ಕೂತ ಜಾಗದಲ್ಲಿ ಆಮ್ಲಜನಕಕ್ಕೆ ಕೂರಲು ಜಾಗವಿಲ್ಲ.

ಪೆಟ್ಟಿಗೆಯನ್ನು ಬಂಗಲೆಯ ಇನ್ನೊಂದು ಬದಿಗೆ, ಮೇಲ್ಗಾಳಿ ಇರುವ ಕಡೆಗೆ ಸಾಗಿಸಿದೆವು. ಇದ್ದಿಲಿನ ಫಿಲ್ಟರ್ ಹಾಕೋಣ ಅಂತ ಮಗ ಹೇಳಿದ. ಬೇಡ ಅಂದೆ. ಈ ಥರದ ಸೆಲ್ಲಿಗೆ ಗಾಳಿಯೇ ಕೂಲಿಂಗ್. ಫಿಲ್ಟರ್ ಅಡ್ಡ ಇಟ್ಟರೆ ಫ್ಯಾನಿಗೆ ಎಳೆಯಲು ಶಕ್ತಿ ಸಾಲದು, ಬಿಸಿ ಜಾಸ್ತಿಯಾಗುತ್ತದೆ. ನಾಲ್ಕು ದಿನ ಒಳ್ಳೆ ಗಾಳಿಯಲ್ಲಿ ಲೋಡ್ ಏರಿಸುತ್ತ ಇಳಿಸುತ್ತ ಓಡಿಸಿದೆವು. ವೋಲ್ಟೇಜ್ ಏರಿದಾಗ ಗಂಧಕ ಸಲ್ಫೇಟ್ ಆಗಿ ಬಿಟ್ಟುಕೊಳ್ಳುತ್ತದೆ, ಸೆಲ್ಲಿನಲ್ಲೇ ಹುಟ್ಟುವ ನೀರು ಅದನ್ನು ತೊಳೆದು ಹಾಕುತ್ತದೆ. 20 ಆಂಪಿಯರಿಗೆ 28 ವೋಲ್ಟ್ ಬಂತು. ಪೆಟ್ಟಿಗೆ ಓಡತೊಡಗಿತು. “ಸರಿಯಾಯ್ತು ಅಂಕಲ್” ಅಂತ ಹೇಳಿ, ಕಾಫಿ ಕುಡಿದು ಬಂದೆ.

ಸರಿಯಾಗಿರಲಿಲ್ಲ. 32 ಇದ್ದದ್ದು 28ಕ್ಕೆ ಯಾಕೆ ನಿಂತಿತು ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಇನ್ನೂ ಸ್ವಲ್ಪ ಗಂಧಕ ಉಳಿದಿರಬೇಕು, ದಿನ ಹೋದಂತೆ ಹೋಗುತ್ತದೆ ಅಂದುಕೊಂಡೆ. ಜೊತೆಗೆ ಎತ್ತರದ ಒಂದು ನೆಪ ಬೇರೆ. ಸೋಮವಾರಪೇಟೆ ಸುಮಾರು 1100 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಹತ್ತರಲ್ಲಿ ಒಂದು ಪಾಲಿಗೂ ಸ್ವಲ್ಪ ಜಾಸ್ತಿಯೇ ಕಡಿಮೆ. ಆದರೆ ಮೇ ತಿಂಗಳಲ್ಲಿ 32 ವೋಲ್ಟ್ ಕೊಟ್ಟಾಗಲೂ ಇದೇ ಎತ್ತರ ಇತ್ತಲ್ವಾ? ಬೆಟ್ಟವೇನೂ ಆಮೇಲೆ ಬೆಳೆದದ್ದಲ್ಲ.

ಜನವರಿ ಕೊನೆಗೆ ಮಗನೇ ಫೋನ್ ಮಾಡಿದ. “ಅಣ್ಣ, ಅದು 28ರಿಂದ ಮೇಲೆ ಹೋಗ್ತಾನೇ ಇಲ್ಲ.” ಈ ಸಲ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಲೋಡ್ 20 ಆಂಪಿಯರಿಗೆ ಇಟ್ಟು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪಕ್ಕಪಕ್ಕದ ಪ್ಲೇಟುಗಳಿಗೆ ತಾಗಿಸುತ್ತ ಒಂದನೇ ಸೆಲ್ಲಿನಿಂದ ಶುರು ಮಾಡಿದೆ. ಅವನು ಬರೆದುಕೊಳ್ಳುತ್ತಿದ್ದ. 0.62, 0.61, 0.62, 0.61. ನಲವತ್ತನೇ ಸೆಲ್ ತನಕ ಹೀಗೇ. ನಲವತ್ತೊಂದಕ್ಕೆ 0.48. ಆಮೇಲೆ 0.46, 0.44. ಕೊನೆಯದು 0.41. ಹುಡುಗ ಪೆನ್ನು ಎತ್ತಿ ನನ್ನ ಮುಖ ನೋಡಿದ.

ಗಂಧಕ ಹೀಗೆ ಮಾಡುವುದಿಲ್ಲ. ಒಂದೇ ಫ್ಯಾನಿನ ಗಾಳಿ ಕುಡಿಯುವ 48 ಸೆಲ್ಲುಗಳಿಗೂ ಅದು ಹೆಚ್ಚುಕಮ್ಮಿ ಒಂದೇ ಥರ ತಾಗಬೇಕು. ಇಲ್ಲಿ ಹೈಡ್ರೋಜನ್ ಕೊನೆಗೆ ತಲುಪುವ ಎಂಟು ಸೆಲ್ಲುಗಳು ಮಾತ್ರ ನೆಲಕಚ್ಚಿದ್ದವು. ಉಳಿದ ನಲವತ್ತೂ ಹೊಸತರಲ್ಲಿದ್ದ 0.67ರಿಂದ ಇಳಿದಿದ್ದವು, ಆದರೆ ನಿಧಾನವಾಗಿ, ಒಟ್ಟಾಗಿ. ಅಂದರೆ ಡಿಸೆಂಬರಿನಲ್ಲಿ ನಾನು ನೋಡಿದ್ದು ಒಂದರ ಮೇಲೊಂದು ಕೂತ ಎರಡು ರೋಗ. ಮೇಲಿನದನ್ನು ತೆಗೆದು, ಕೆಳಗಿನದಕ್ಕೆ ಹೊದಿಕೆ ಹೊದಿಸಿ ಬಂದಿದ್ದೆ.

ಕಂಟ್ರೋಲರಿನಲ್ಲಿ ಒಂದು ಲೆಕ್ಕ ಸಿಗುತ್ತದೆ. ಯಾರೂ ನೋಡಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕೊನೆ ತನಕ ಒಟ್ಟು ಓಡಿದ್ದು 170 ಗಂಟೆ. ಶುರುವಾದದ್ದು 640 ಸಲ. ಅಂದರೆ ಒಂದು ಸಲಕ್ಕೆ ಸರಾಸರಿ ಹದಿನಾರು ನಿಮಿಷ. ಮಳೆಗಾಲದ ಕೊಡಗಿನ ಕರೆಂಟ್ ಹೇಗೆ ಬಂದು ಹೋಗುತ್ತದೋ ಹಾಗೇ ಈ ಪೆಟ್ಟಿಗೆಯೂ ಎದ್ದು ಮಲಗುತ್ತಿತ್ತು. ಇನ್ನೂ ಒಂದು ವಿಷಯ ರೈಟರ್ ಹೇಳಿದರು. ಕರೆಂಟ್ ಬಂದ ಮೇಲೂ ಐದು ನಿಮಿಷ ಹೈಡ್ರೋಜನ್ ಕೊಟ್ಟು, ಲೋಡ್ ಇಲ್ಲದೆ ಸುಮ್ನೆ ನಿಲ್ಲಿಸುವ ಹಾಗೆ ಸೆಟ್ಟಿಂಗ್ ಮಾಡಿಸಿದ್ದರಂತೆ. “ಹೆಂಗೂ ಮತ್ತೆ ಹೋಗುತ್ತೆ, ಆರಿಸೋದ್ಯಾಕೆ ಅಂತ ಸಾಹುಕಾರ್ರು ಹೇಳಿದ್ರು.” ಕೇಳಲು ನ್ಯಾಯವೇ. ಕಾರಿನ ಎಂಜಿನ್ ಬಗ್ಗೆ ನಾವೆಲ್ಲ ಹಾಗೇ ಯೋಚಿಸುತ್ತೇವೆ.

ಇಲ್ಲಿ ಪ್ಲಾಟಿನಂ ಎಲ್ಲಿದೆ, ಹೇಗಿದೆ ಅಂತ ಸ್ವಲ್ಪ ಹೇಳಬೇಕು. ಸೆಲ್ಲಿನ ನಡುವೆ ತೆಳ್ಳಗಿನ ಪ್ಲಾಸ್ಟಿಕ್ಕಿನಂಥ ಹಾಳೆ, ಅದೇ ಮೆಂಬ್ರೇನ್. ಅದರ ಎರಡೂ ಬದಿಗೆ ಮಸಿ ಬಳಿದ ಹಾಗೆ ಕಪ್ಪು ಪದರ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ. ಕಪ್ಪಾಗಿ ಕಾಣುವುದು ಇಂಗಾಲದ ಪುಡಿ. ಅದರ ಮೇಲೆ ಮೂರು ನ್ಯಾನೋಮೀಟರಿನ ಆಸುಪಾಸಿನ ಪ್ಲಾಟಿನಂ ಕಣಗಳು. ಅಷ್ಟು ಸಣ್ಣದಾಗಿ ಯಾಕೆ? ಕೆಲಸ ಆಗುವುದು ಮೈ ಮೇಲೆ ಮಾತ್ರ, ಹೊಟ್ಟೆಯೊಳಗಲ್ಲ. ಒಂದು ಗ್ರಾಂ ಪ್ಲಾಟಿನಂ ಅನ್ನು ಮೂರು ನ್ಯಾನೋಮೀಟರಿನ ಗೋಲಿಗಳಾಗಿ ಒಡೆದರೆ ಒಟ್ಟು ಮೈ ಸುಮಾರು 93 ಚದರ ಮೀಟರ್. ಸಾವಿರ ಚದರ ಅಡಿಯ, ಕಾಫಿ ಒಣಗಿಸುವ ಕಣದಷ್ಟು! ಅದೇ ಗೋಲಿಗಳು ಬೆಳೆದು ಆರು ನ್ಯಾನೋಮೀಟರ್ ಆದರೆ ಒಟ್ಟು ಮೈ ಅರ್ಧಕ್ಕೆ ಇಳಿಯುತ್ತದೆ. ಒಂದು ಚೂರು ಪ್ಲಾಟಿನಂ ಕೂಡ ಹೊರಗೆ ಹೋಗಿರುವುದಿಲ್ಲ.

ಪ್ಲಾಟಿನಂ ತುಕ್ಕು ಹಿಡಿಯಲ್ಲ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಉಂಗುರಕ್ಕೆ ಅದು ಸರಿ. ಇಲ್ಲಿರುವುದು ಬಿಸಿ, ತೇವ, ಜೊತೆಗೆ ಗಟ್ಟಿ ಆಮ್ಲ, ಯಾಕೆಂದರೆ ಆ ಮೆಂಬ್ರೇನೇ ಒಂದು ಆಮ್ಲ. ಸೆಲ್ 0.6, 0.7 ವೋಲ್ಟಿನಲ್ಲಿ ದುಡಿಯುತ್ತಿದ್ದರೆ ಪ್ಲಾಟಿನಂ ಆರಾಮಾಗಿರುತ್ತದೆ. ಲೋಡ್ ತೆಗೆದು ಸುಮ್ನೆ ಬಿಟ್ಟರೆ ವೋಲ್ಟೇಜ್ 0.95ರ ಹತ್ತಿರಕ್ಕೆ ಏರುತ್ತದೆ. ಆಗ ಮೇಲ್ಮೈಯಲ್ಲಿ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಮತ್ತೆ ಲೋಡ್ ಬಂದಾಗ ಆ ಪೊರೆ ಕಳಚುತ್ತದೆ. ಕಟ್ಟುವಾಗ, ಕಳಚುವಾಗ, ಪ್ರತಿ ಸಲ ಒಂದಿಷ್ಟು ಪರಮಾಣುಗಳು ಜಾರಿ ಆಮ್ಲಕ್ಕೆ ಬೀಳುತ್ತವೆ. ಸಣ್ಣ ಕಣ ಮೊದಲು ಕರಗುತ್ತದೆ, ಕರಗಿದ್ದು ಹೋಗಿ ದೊಡ್ಡ ಕಣದ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಡಬ್ಬದ ಬೆಲ್ಲ ನೋಡಿದ್ದೀರಲ್ಲ, ಪುಡಿ ಮೊದಲು ನೀರಾಗಿ ಉಂಡೆಗೆ ಅಂಟುತ್ತದೆ. ಅದೇ ಕಥೆ. ಉಳಿದದ್ದು ಮೆಂಬ್ರೇನಿನೊಳಗೆ ಜಾರಿ, ಆ ಕಡೆಯಿಂದ ನುಸುಳಿ ಬರುವ ಹೈಡ್ರೋಜನ್ ಸಿಕ್ಕಿದ ಜಾಗದಲ್ಲಿ ಮತ್ತೆ ಲೋಹವಾಗಿ ನಿಲ್ಲುತ್ತದೆ. ಅಲ್ಲಿ ಅದರಿಂದ ಯಾರಿಗೂ ಉಪಯೋಗವಿಲ್ಲ.

ಅಮೆರಿಕದ ಇಂಧನ ಇಲಾಖೆ ಈ ಸವೆತ ಪರೀಕ್ಷಿಸಲು ಒಂದು ಕ್ರಮ ಇಟ್ಟಿದೆ. ಸೆಲ್ಲನ್ನು 0.6 ಮತ್ತು 0.95 ವೋಲ್ಟಿನ ನಡುವೆ 30,000 ಸಲ ಏರಿಳಿಸಬೇಕು. ಐದು ನಿಮಿಷದ ಆ ಸೆಟ್ಟಿಂಗಿನಿಂದ ನಾವು ಎಸ್ಟೇಟ್ ಆಫೀಸಿನಲ್ಲಿ ಅದೇ ಪರೀಕ್ಷೆ ನಡೆಸುತ್ತಿದ್ದೆವು, ಅಷ್ಟು ವೇಗವಾಗಿ ಅಲ್ಲ ಅಷ್ಟೆ. ನಲವತ್ತು ಸೆಲ್ಲುಗಳು ಒಟ್ಟಾಗಿ ನಿಧಾನಕ್ಕೆ ಇಳಿದದ್ದಕ್ಕೆ ಇದು ಒಪ್ಪುವ ಉತ್ತರ.

ಕೊನೆಯ ಎಂಟಕ್ಕೆ ಬಂದ ಗತಿಗೆ ಕಾರಣ ಬೇರೆ. ಅದು ಇನ್ನೂ ಕೆಟ್ಟದ್ದು.

ಪೆಟ್ಟಿಗೆ ಆರಿದ ಮೇಲೆ ನಿಧಾನಕ್ಕೆ ಹೈಡ್ರೋಜನ್ ಬದಿಗೂ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ಶುರು ಮಾಡಿದಾಗ ಹೈಡ್ರೋಜನ್ ಒಂದು ತುದಿಯಿಂದ ನುಗ್ಗುತ್ತದೆ. ಒಂದು ಗಳಿಗೆ, ಒಂದೇ ಸೆಲ್ಲಿನ ಅರ್ಧ ಭಾಗದಲ್ಲಿ ಹೈಡ್ರೋಜನ್, ಇನ್ನರ್ಧದಲ್ಲಿ ಹಳೇ ಗಾಳಿ. ಹೈಡ್ರೋಜನ್ ಸಿಕ್ಕಿದ ಅರ್ಧ ಮಾಮೂಲಿ ಸೆಲ್ಲಿನಂತೆ ಕೆಲಸ ಶುರು ಮಾಡಿ, ತನ್ನ ವೋಲ್ಟೇಜನ್ನು ಇಡೀ ಪ್ಲೇಟಿನ ಮೇಲೆ ಹೇರುತ್ತದೆ. ಸಿಗದ ಅರ್ಧಕ್ಕೆ ಎಲೆಕ್ಟ್ರಾನ್ ಕೊಡಲು ಏನೂ ಇಲ್ಲ. ಕೊಡಲೇಬೇಕಲ್ಲ, ಅದಕ್ಕೆ ಅದರ ಎದುರು ಬದಿಯ ಇಂಗಾಲ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಮಳೆಗಾಲದಲ್ಲಿ ಸೌದೆ ಮುಗಿದವರು ಮನೆಯ ತೊಲೆಯನ್ನೇ ಕಿತ್ತು ಒಲೆಗೆ ಇಟ್ಟ ಹಾಗೆ. ಆ ಜಾಗದಲ್ಲಿ ಎಲೆಕ್ಟ್ರೋಡಿನ ವೋಲ್ಟೇಜ್ 1.4, 1.5ರ ತನಕ ಏರುತ್ತದೆ. ಹೊರಗಿನ ಮೀಟರಿನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಎಲ್ಲ ಒಳಗೊಳಗೇ. ಅಮೆರಿಕದ ಎಂಜಿನಿಯರುಗಳು ಇದನ್ನು ಬಿಡಿಸಿ ವಿವರಿಸಿದ್ದು 2005ರಲ್ಲಿ.

ಇಂಗಾಲ ಹೋದರೆ ಪ್ಲಾಟಿನಂ ಗತಿ ಏನು? ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿಲ್ವರ್ ಓಕ್ ಬಿದ್ದರೆ ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯ ಕಥೆ ಏನಾಗುತ್ತದೋ ಅದೇ. ಬಳ್ಳಿಗೆ ರೋಗ ಇಲ್ಲದಿದ್ದರೂ ನೆಲಕ್ಕೆ ಬಿದ್ದು ಮುದ್ದೆಯಾಗುತ್ತದೆ. ಪ್ಲಾಟಿನಂ ಕಣಗಳೂ ಹಿಡಿತ ತಪ್ಪಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇಲ್ಲವೇ ಕರೆಂಟಿನ ಸಂಪರ್ಕ ಕಳೆದುಕೊಂಡು ಅನಾಥವಾಗುತ್ತವೆ.

ಒಂದು ಸಲಕ್ಕೆ ಇದು ನಡೆಯುವುದು ಬಹಳವೆಂದರೆ ಕೆಲವು ಸೆಕೆಂಡ್. ಆದರೆ 640 ಸಲ. ಜೊತೆಗೆ, ಕೊನೆಯ ಸೆಲ್ಲುಗಳಿಗೆ ಹೈಡ್ರೋಜನ್ ತಡವಾಗಿ, ನಿಧಾನವಾಗಿ ತಲುಪುತ್ತದೆ, ಅರ್ಧಂಬರ್ಧ ತುಂಬಿರುವ ಆ ಹೊತ್ತು ಅವಕ್ಕೆ ಜಾಸ್ತಿ.

ಇಷ್ಟೆಲ್ಲ ನನ್ನ ಊಹೆ. ಒಮ್ಮೆ ಊಹೆ ಮಾಡಿ ಕೈ ಸುಟ್ಟುಕೊಂಡವನು, ಮತ್ತೆ ಅದನ್ನೇ ನಂಬಲು ಮನಸ್ಸಾಗಲಿಲ್ಲ. ಬಂಗಲೆಯ ಜಗುಲಿಯಲ್ಲಿ ಊಟದ ಮೇಜಿಗೆ ಬಿಳಿ ಪಂಚೆ ಹಾಸಿ ಪೆಟ್ಟಿಗೆ ಬಿಚ್ಚಿದೆವು. ನಾಲ್ಕು ಉದ್ದ ಬೋಲ್ಟ್ ಸಡಿಲಿಸಿದರೆ ಪ್ಲೇಟುಗಳು ಇಸ್ಪೀಟ್ ಎಲೆಯ ಹಾಗೆ ಬಿಡಿಸಿಕೊಳ್ಳುತ್ತವೆ. 20ನೇ ಸೆಲ್ಲಿನ ಕಪ್ಪು ಹಾಳೆಯನ್ನೂ 48ನೇ ಸೆಲ್ಲಿನದನ್ನೂ ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದೆ. ಇಪ್ಪತ್ತರದು ಒಂದೇ ಸಮ ಕಪ್ಪು. ನಲವತ್ತೆಂಟರದು ಹೈಡ್ರೋಜನ್ ಹೊರಬೀಳುವ ಮೂಲೆಯಲ್ಲಿ ಒಗೆದು ಒಗೆದು ಮಾಸಿದ ಕೊಡೆಬಟ್ಟೆಯ ಹಾಗಿತ್ತು. ಸಾಹುಕಾರರು ಕನ್ನಡಕ ಏರಿಸಿ ನೋಡಿದರು. “ಇಲ್ಲಿ ಏನೋ ತಿಂದು ಹಾಕಿದೆ ಮಾರಾಯ.”

ಎರಡನ್ನೂ ಮೈಸೂರಿನ ಲ್ಯಾಬೊಂದರಲ್ಲಿರುವ ಗೆಳೆಯನಿಗೆ ಕಳಿಸಿದೆ. ಅಲ್ಲಿ ಮಾಡುವ ಪರೀಕ್ಷೆ ಚಂದ ಇದೆ. ಪ್ಲಾಟಿನಂ ಮೈಯನ್ನು ಹೈಡ್ರೋಜನ್ ಪರಮಾಣುಗಳ ಒಂದೇ ಪದರದಿಂದ ಮುಚ್ಚಿ, ಆಮೇಲೆ ಅವನ್ನು ಕಿತ್ತು ಎಷ್ಟು ವಿದ್ಯುತ್ ಬಂತು ಅಂತ ಎಣಿಸುತ್ತಾರೆ. ಒಂದು ಚದರ ಸೆಂಟಿಮೀಟರ್ ಪ್ಲಾಟಿನಮ್ಮಿಗೆ 210 ಮೈಕ್ರೋಕೂಲಂಬ್ ಅಂತ ಲೆಕ್ಕ. ಕಣದಲ್ಲಿ ಕಾಫಿ ಹಣ್ಣನ್ನು ಒಂದೇ ಪದರ ಹರಡಿ, ಆಮೇಲೆ ಹಣ್ಣು ಎಣಿಸಿ ಕಣದ ಅಳತೆ ಹೇಳಿದ ಹಾಗೆ. 48ನೇ ಸೆಲ್ಲಿನಲ್ಲಿ ಉಳಿದದ್ದು 20ನೆಯದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅಡ್ಡ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಾಸಿದ ಮೂಲೆಯಲ್ಲಿ ಕಪ್ಪು ಪದರ ಕುಸಿದು ಅರ್ಧ ದಪ್ಪವಾಗಿತ್ತು. ಮೆಂಬ್ರೇನಿನ ಒಳಗೆ ಒಂದು ತೆಳ್ಳನೆ ಬಿಳಿ ಗೆರೆ. ಅದು ಓಡಿಹೋಗಿ ಅಲ್ಲಿ ನಿಂತ ಪ್ಲಾಟಿನಂ.

ರಿಪೇರಿ ವಿಷಯಕ್ಕೆ ಬಂದಾಗ ಮಗನಿಗೆ ಹೊಸ ವಸ್ತುಗಳ ಮೇಲೆ ಕಣ್ಣು. ತಪ್ಪಿಲ್ಲ, ಪ್ಲಾಟಿನಂ ಕಾಪಾಡಲು ಜಗತ್ತಿನಲ್ಲಿ ದೊಡ್ಡ ಕೆಲಸ ನಡೆದಿದೆ. 2007ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಪ್ಲಾಟಿನಂ ಕಣಗಳ ಮೇಲೆ ಚಿನ್ನದ ಪುಟ್ಟ ಗೊಂಚಲು ಕೂರಿಸಿ, 30,000 ಏರಿಳಿತದ ನಂತರವೂ ಅದು ಕರಗದೆ ನಿಲ್ಲುವುದನ್ನು ತೋರಿಸಿದರು. ಕಣಗಳಿಗೆ ಇಂಗಾಲದ ಅಥವಾ ಸಿಲಿಕಾದ ತೆಳು ಅಂಗಿ ತೊಡಿಸುವವರಿದ್ದಾರೆ. ಅಂಗಿ ದಪ್ಪವಾದರೆ ಆಮ್ಲಜನಕವೂ ಒಳಗೆ ಬರುವುದಿಲ್ಲ, ಅಲ್ಲಿ ಒದ್ದಾಟ. ಇನ್ನು ಕೋಬಾಲ್ಟ್ ಬೆರೆಸಿದರೆ ಪ್ಲಾಟಿನಮ್ಮಿನ ಚುರುಕು ಜಾಸ್ತಿಯಾಗುತ್ತದೆ, ಟೊಯೋಟಾ ಮಿರಾಯ್ ಕಾರಿನಲ್ಲಿ ಇರುವುದು ಅದೇ. ಆದರೆ ಕೋಬಾಲ್ಟ್ ಸೋರಿ ಮೆಂಬ್ರೇನಿಗೆ ಸೇರುವ ತಲೆನೋವು ಇದೆ.

ನಮಗೆ ಕೈಗೆಟುಕಿದ್ದು ಒಂದೇ. ಮಾಮೂಲಿ ಇಂಗಾಲದ ಬದಲು, ತುಂಬಾ ಬಿಸಿಯಲ್ಲಿ ಕಾಯಿಸಿ ಗ್ರಾಫೈಟಿನ ಹಾಗೆ ಗಟ್ಟಿ ಮಾಡಿದ ಇಂಗಾಲ. ಸುಲಭಕ್ಕೆ ಸುಡುವುದಿಲ್ಲ. ಅದರಲ್ಲೂ ಒಂದು ಕೊಕ್ಕೆ ಇದೆ, ಅದರ ಮೈ ನುಣುಪು, ಪ್ಲಾಟಿನಂ ಸಣ್ಣ ಸಣ್ಣದಾಗಿ ಹರಡಿ ಕೂರುವುದು ಕಷ್ಟ. ಹಾಲುವಾಣಕ್ಕೆ ಬಳ್ಳಿ ಚೆನ್ನಾಗಿ ಕಚ್ಚುತ್ತದೆ, ಆದರೆ ಮರವೇ ಬೇಗ ಹೋಗುತ್ತದಲ್ಲ, ಆ ಥರದ ಚೌಕಾಸಿ. ಸೆಲ್ ಕೊಟ್ಟವರನ್ನು ಕೇಳಿ, ಗಟ್ಟಿ ಇಂಗಾಲದ ಒಂಬತ್ತು ಹೊಸ ಹಾಳೆ ತರಿಸಿ ಕೊನೆಯ ಎಂಟರಲ್ಲೂ, ಲ್ಯಾಬಿಗೆ ಹೋದ 20ನೆಯದರ ಜಾಗದಲ್ಲೂ ಹಾಕಿದೆವು. ಬಿಚ್ಚಿದಾಗ ನೀರು ಹೊರಬರುವ ಪೈಪಿನಲ್ಲಿ ಯಾರೋ ಹಾಕಿದ್ದ ಜಿಐ, ಅಂದರೆ ಸತು ಬಳಿದ ಕಬ್ಬಿಣದ ನಿಪ್ಪಲ್ ಒಂದು ಸಿಕ್ಕಿತು. ಕಿತ್ತು ಸ್ಟೇನ್‌ಲೆಸ್ ಹಾಕಿದೆ. ಕಬ್ಬಿಣದ ಅಯಾನು ಒಂದಿಷ್ಟು ಒಳಗೆ ಸೇರಿದರೂ ಸಾಕು, ಮೆಂಬ್ರೇನನ್ನೇ ಕತ್ತರಿಸುವ ರ್‍ಯಾಡಿಕಲ್ಲುಗಳು ಹುಟ್ಟುತ್ತವೆ.

ನಿಜವಾದ ಮದ್ದು ಇದ್ದದ್ದು ಸ್ವಿಚ್ಚಿನಲ್ಲಿ. ಎರಡು ಸಣ್ಣ ಬ್ಯಾಟರಿ ತೆಗೆದು 100 ಆಂಪಿಯರ್ ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟೆವು, ಎರಡೂವರೆ ಯೂನಿಟ್ ಹಿಡಿಯುವಂಥದ್ದು. ಕರೆಂಟ್ ಹೋದರೆ ಮೊದಲು ಅದು ದುಡಿಯಬೇಕು. ಶೇಕಡಾ 30ಕ್ಕೆ ಇಳಿದಾಗ ಮಾತ್ರ ಫ್ಯೂಯೆಲ್ ಸೆಲ್ ಏಳಬೇಕು. ಎದ್ದರೆ 20 ಆಂಪಿಯರಿನಲ್ಲಿ ಒಂದೇ ಸಮನೆ ಓಡಿ, ಬ್ಯಾಟರಿ ಶೇಕಡಾ 90 ಮುಟ್ಟಿದ ಮೇಲೆ ಮಲಗಬೇಕು. ಲೋಡ್ ಇಲ್ಲದೆ ನಿಲ್ಲುವಂತಿಲ್ಲ. ಐದು ನಿಮಿಷದ ಆ ಸೆಟ್ಟಿಂಗ್ ತೆಗೆದು ಹಾಕಿದೆ.

ಮಲಗುವ ಕ್ರಮವನ್ನೂ ಬದಲಾಯಿಸಿದೆವು. ಹೈಡ್ರೋಜನ್ ವಾಲ್ವ್ ಮುಚ್ಚು, ಫ್ಯಾನ್ ನಿಲ್ಲಿಸು, ಗಾಳಿ ಬರುವ ಬಾಯಿಗೆ ತಗಡಿನ ಮುಚ್ಚಳ ಬೀಳಲಿ, ಅದೇ ಹೊತ್ತಿಗೆ 10 ಓಮಿನ ಒಂದು ದಪ್ಪ ರೆಸಿಸ್ಟರ್ ಸೆಲ್ಲುಗಳ ಇಡೀ ಸಾಲಿಗೆ ಅಡ್ಡ ಸೇರಲಿ. ಒಳಗೆ ಉಳಿದ ಆಮ್ಲಜನಕವನ್ನು ಅದು ತಿನ್ನಿಸಿ ವೋಲ್ಟೇಜನ್ನು ಬೇಗ ಕೆಳಗೆ ಇಳಿಸುತ್ತದೆ. ಏಳುವಾಗ ಹೈಡ್ರೋಜನ್ ಬದಿಯ ಹೊರದಾರಿಯಲ್ಲಿರುವ ಪರ್ಜ್ ವಾಲ್ವ್ ಪೂರ್ತಿ ತೆರೆದು ಹೈಡ್ರೋಜನನ್ನು ರಭಸವಾಗಿ ನುಗ್ಗಿಸುವುದು, ಅರ್ಧಂಬರ್ಧದ ಹೊತ್ತು ಆದಷ್ಟು ಕಡಿಮೆಯಾಗಲಿ ಅಂತ. ಆಗಲೂ ರೆಸಿಸ್ಟರ್ ಅಡ್ಡ ಇರುತ್ತದೆ. ಇದನ್ನು ನೋಡಿ ಯಾರಾದರೂ ಮನೆಯಲ್ಲಿ ಮಾಡುವುದಾದರೆ ಒಂದು ಮಾತು. ರೆಸಿಸ್ಟರಿನ ಓಮ್ ತೀರಾ ಕಡಿಮೆಯಿದ್ದರೆ ಹೈಡ್ರೋಜನ್ ಇನ್ನೂ ತಲುಪದ ಸೆಲ್ಲನ್ನು ಉಳಿದವು ಸೇರಿ ಉಲ್ಟಾ ತಳ್ಳುತ್ತವೆ. ಆಗ ಹೈಡ್ರೋಜನ್ ಬದಿಯ ಇಂಗಾಲ ಸುಡುತ್ತದೆ. ಅದಕ್ಕೇ ನಾಲ್ಕು ನಾಲ್ಕು ಸೆಲ್ಲಿಗೆ ಒಂದರಂತೆ ವೋಲ್ಟೇಜ್ ನೋಡುವ ತಂತಿ ಎಳೆದು, ಯಾವ ಗುಂಪಾದರೂ ಸೊನ್ನೆಗೆ ಹತ್ತಿರವಾದರೆ ರೆಸಿಸ್ಟರ್ ಬಿಡುವ ಹಾಗೆ ಮಾಡಿದ್ದೇವೆ.

ಮಾರ್ಚ್‌ನಲ್ಲಿ 20 ಆಂಪಿಯರಿಗೆ 30 ವೋಲ್ಟ್ ಬಂತು. ಹಳೆಯ ಮೂವತ್ತೊಂಬತ್ತು ಸೆಲ್ ಕಳೆದುಕೊಂಡದ್ದು ವಾಪಸ್ ಬರುವುದಿಲ್ಲ, ಕರಗಿದ ಬೆಲ್ಲ ಪುಡಿಯಾಗುತ್ತದೆಯೇ? ಆಮೇಲಿನ ಮಳೆಗಾಲದ ನಾಲ್ಕು ತಿಂಗಳಲ್ಲಿ ಪೆಟ್ಟಿಗೆ 110 ಗಂಟೆ ಓಡಿತು. ಎದ್ದದ್ದು 31 ಸಲ. ಕೈಲ್‌ಪೊಳ್ದು ಹಬ್ಬ ಕಳೆದು, ಸೆಪ್ಟೆಂಬರ್ ಕೊನೆಗೆ ಹೋಗಿ ಅಳೆದಾಗ 29.8. ಡಿಸೆಂಬರಿನಲ್ಲಿ ಪಲ್ಪಿಂಗ್ ನಡೆಯುವಾಗ ಬೇಕೆಂದೇ ಇನ್ನೊಮ್ಮೆ ಹೋದೆ. ನಾತ ಹಾಗೇ ಇತ್ತು, ಆದರೆ ಅದು ಬೀಸುತ್ತಿದ್ದದ್ದು ಇನ್ನೊಂದು ಬದಿಗೆ. 29.8.

ಸಾಹುಕಾರರು ಒಂದು ಪ್ರಶ್ನೆ ಕೇಳಿದರು. “ಹಂಗಾದ್ರೆ ಬ್ಯಾಟರಿ ಒಂದೇ ಸಾಕಿತ್ತಲ್ವಾ ಮಾರಾಯ? ಈ ಪೆಟ್ಟಿಗೆ ಯಾಕೆ ಬೇಕಿತ್ತು?” ನಾಲ್ಕು ಗಂಟೆಯ ಪವರ್ ಕಟ್ಟಿಗಾದರೆ ಹೌದು, ಸಾಕಿತ್ತು ಅಂದೆ. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕತ್ತಲಾದಾಗ ಬ್ಯಾಟರಿ ಮೊದಲ ಸಂಜೆಯೇ ಖಾಲಿಯಾಗಿತ್ತು. ಉಳಿದ ಹೊತ್ತು ಎರಡು ಸಿಲಿಂಡರಿನಲ್ಲಿ ದಾಟಿದ್ದು ಅವರಿಗೂ ನೆನಪಿತ್ತು, ಸುಮ್ಮನಾದರು.

ತೆಗೆದ ಹಾಳೆಗಳಲ್ಲಿ ಏಳು ಈಗಲೂ ರೈಟರ್ ಮೇಜಿನ ಡ್ರಾಯರಿನಲ್ಲಿವೆ. ಅದರಲ್ಲಿ ಪ್ಲಾಟಿನಂ ಇದೆ ಅಂತ ಯಾರೋ ಹೇಳಿದ ದಿನದಿಂದ ಡ್ರಾಯರಿಗೆ ಬೀಗ ಬಿದ್ದಿದೆ. ಏಳೂ ಸೇರಿಸಿದರೆ ಕಾಲು ಗ್ರಾಂ ಆಗಬಹುದು ಅಂತ ನಾನು ಇನ್ನೂ ಅವರಿಗೆ ಹೇಳಿಲ್ಲ.